ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ: ಶಿಕ್ಷಕರ ಸಂಘದ ಸದಸ್ಯತ್ವವನ್ನು ಕೆಲಸಕ್ಕೆ ಹಚ್ಚುವ ಕ್ರಮ

ಶಿಕ್ಷಕರ ಸಂಘಕ್ಕೆ ಸೇರಿದ ಪ್ರಶಿಕ್ಷಣಾರ್ಥಿಗಳ (ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರ) ದೂರು ಸಾಮಾನ್ಯವಾಗಿ ಒಂದೇ ಬಗೆಯದು: ಶುಲ್ಕ ಕಟ್ಟಿದ್ದಾಯಿತು, ಸದಸ್ಯತ್ವ ಸಂಖ್ಯೆ ಬಂತು, ಆಮೇಲೆ ಒಂದಷ್ಟು ಇಮೇಲ್ ಬಿಟ್ಟರೆ ಬೇರೇನೂ ಆಗಲಿಲ್ಲ. ಸಂಘದಲ್ಲಿ ಏನೂ ಇಲ್ಲವೆಂದಲ್ಲ. ಪಾಠಗಳ ಸಂಗ್ರಹ, ಅನುಭವಿಗಳ ಮಾರ್ಗದರ್ಶನ, ಶಾಖಾ ಸಭೆ, ಸಮ್ಮೇಳನದ ನೆರವು, ಕೆಲವೆಡೆ ಕಾನೂನು ರಕ್ಷಣೆ, ಎಲ್ಲವೂ ಇರುತ್ತವೆ. ಆದರೆ ಇವು ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ನಿಮ್ಮ ತರಗತಿಯ ನಿರ್ದಿಷ್ಟ ಸಮಸ್ಯೆಯೊಂದನ್ನು ಹಿಡಿದು, ಸರಿಯಾದ ಹೊತ್ತಿಗೆ, ಸರಿಯಾದ ಕ್ರಮದಲ್ಲಿ ಹೋಗಿ ಕೇಳಬೇಕು. ಎಡವುವುದು ಹೆಚ್ಚಾಗಿ ಈ ಕ್ರಮದಲ್ಲೇ.

ಮೊದಲೇ ಕೈಗೆ ಸಿಗುವಂತಿರಬೇಕಾದವು

ಬೋಧನಾಭ್ಯಾಸದ (ತರಬೇತಿಯ ಭಾಗವಾಗಿ ಶಾಲೆಯಲ್ಲಿ ಪಾಠ ಮಾಡುವ ಅವಧಿಯ) ವೇಳಾಪಟ್ಟಿ, ನೀವು ಪಾಠ ಮಾಡಲಿರುವ ತರಗತಿಗಳ ಪಠ್ಯಪುಸ್ತಕ, ವಿದ್ಯಾರ್ಥಿ ಎಂಬುದಕ್ಕೆ ಚಾಲ್ತಿಯಲ್ಲಿರುವ ಗುರುತಿನ ಚೀಟಿ ಅಥವಾ ಕಾಲೇಜಿನ ಪತ್ರ, ಸ್ವಂತ ಇಮೇಲ್ ವಿಳಾಸ, ಒಂದು ನೋಟ್‌ಬುಕ್. ನೋಟ್‌ಬುಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರೇ ಹೆಚ್ಚು. ಐದನೇ ಹಂತಕ್ಕೆ ಬಂದಾಗ ಅದರ ಕೊರತೆ ಗೊತ್ತಾಗುತ್ತದೆ.

ಹಂತ 1: ಯಾವ ಸಂಘ ಯಾವ ಕೆಲಸಕ್ಕೆ ಎಂದು ಬೇರ್ಪಡಿಸಿ

"ಶಿಕ್ಷಕರ ಸಂಘ" ಎಂಬ ಒಂದೇ ಹೆಸರಿನಡಿ ಕನಿಷ್ಠ ಎರಡು ಬೇರೆಬೇರೆ ಸಂಸ್ಥೆಗಳಿವೆ. ಒಂದು ವಿಷಯ ಸಂಘ. ಗಣಿತಕ್ಕೆ ಅಮೆರಿಕದ ಎನ್‌ಸಿಟಿಎಂ, ವಿಜ್ಞಾನಕ್ಕೆ ಅಲ್ಲಿನ ಎನ್‌ಎಸ್‌ಟಿಎ ಮತ್ತು ಬ್ರಿಟನ್ನಿನ ಎಎಸ್‌ಇ, ಇಂಗ್ಲಿಷ್ ಬೋಧನೆಗೆ ಟೆಸಾಲ್ ಮತ್ತು ಐಎಟಿಇಎಫ್‌ಎಲ್, ಭಾರತದಲ್ಲಿ ಭೌತಶಾಸ್ತ್ರಕ್ಕೆ ಐಎಪಿಟಿ, ಗಣಿತಕ್ಕೆ ಎಎಂಟಿಐ ಈ ಬಗೆಯವು. ಒಂದು ವಿಷಯವನ್ನು ಹೇಗೆ ಕಲಿಸುವುದು ಎಂಬುದೇ ಇವುಗಳ ಕೆಲಸ. ಇನ್ನೊಂದು ನೌಕರರ ಸಂಘ. ಸಂಬಳ, ಸೇವಾ ನಿಯಮ, ವರ್ಗಾವಣೆ, ಶಿಸ್ತು ಕ್ರಮ, ಕಾನೂನು ನೆರವು ಇದರ ಪಾಲು. ಇವೆರಡರ ಜೊತೆಗೆ ವಿಶೇಷ ಅಗತ್ಯದ ಮಕ್ಕಳು, ಪೂರ್ವ ಪ್ರಾಥಮಿಕ ಹಂತ ಹೀಗೆ ಮಕ್ಕಳ ಗುಂಪನ್ನು ಹಿಡಿದು ಕಟ್ಟಿದ ಸಂಘಗಳೂ ಇವೆ.

ನೌಕರರ ಸಂಘಕ್ಕೆ ಸೇರಿ ಪಾಠ ಯೋಜನೆ ಕೇಳುವುದು, ವಿಷಯ ಸಂಘಕ್ಕೆ ಸೇರಿ "ಶಾಲೆಯಲ್ಲಿ ನನ್ನಿಂದ ಗುಮಾಸ್ತರ ಕೆಲಸ ಮಾಡಿಸುತ್ತಿದ್ದಾರೆ, ಸರಿಪಡಿಸಿ" ಎನ್ನುವುದು, ಎರಡೂ ವ್ಯರ್ಥ ಪ್ರಯತ್ನ. ಬೋಧನಾಭ್ಯಾಸದ ವರ್ಷಕ್ಕೆ ಒಂದು ವಿಷಯ ಸಂಘ ಸಾಕು. ನಿಮ್ಮಲ್ಲಿ ನೌಕರರ ಸಂಘ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ರಕ್ಷಣೆ ಕೊಡುವುದಾದರೆ ಅದೂ ಇರಲಿ. ಮೂರು ನಾಲ್ಕು ಸಂಘಗಳಿಗೆ ಸೇರಿದವರು ಒಂದನ್ನೂ ಸರಿಯಾಗಿ ಬಳಸಿದ್ದು ಅಪರೂಪ.

ಆಯ್ಕೆಗೆ ಮುನ್ನ ಸಂಘದ ಜಾಲತಾಣದಲ್ಲಿ ನಾಲ್ಕು ಸಂಗತಿ ನೋಡಿ. ವಿದ್ಯಾರ್ಥಿ ಸದಸ್ಯತ್ವ ಎಂಬ ಪ್ರತ್ಯೇಕ ವರ್ಗ ಇದೆಯೇ? ಪಾಠಗಳ ಸಂಗ್ರಹ ಆ ವರ್ಗಕ್ಕೂ ತೆರೆದಿದೆಯೇ, ಅಥವಾ ಪೂರ್ಣ ಸದಸ್ಯರಿಗೆ ಮಾತ್ರವೇ? ನೀವು ಹೋಗಿ ಬರಬಹುದಾದ ದೂರದಲ್ಲಿ ಶಾಖೆ ಇದೆಯೇ? ಕಳೆದ ಆರು ತಿಂಗಳಲ್ಲಿ ಯಾವುದಾದರೂ ಕಾರ್ಯಕ್ರಮ ನಡೆದ ಗುರುತಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲ ಎಂದಾದರೆ, ಹೆಸರು ಎಷ್ಟೇ ದೊಡ್ಡದಿದ್ದರೂ ಬೇರೆಡೆ ನೋಡಿ.

ಹಂತ 2: ಕನಿಷ್ಠ ಎಂಟು ವಾರ ಮೊದಲು ಸೇರಿ

ಬೋಧನಾಭ್ಯಾಸ ಶುರುವಾದ ಮೇಲೆ ಸೇರುವುದು ಅತಿ ಸಾಮಾನ್ಯ ತಪ್ಪು. ಆಗ ದಿನಾ ಪಾಠ ಯೋಜನೆ ಬರೆಯಬೇಕು, ಬೋಧನೋಪಕರಣ ಮಾಡಬೇಕು, ದಾಖಲೆ ಪುಸ್ತಕ ತುಂಬಬೇಕು. ಸಂಘದ ಸಂಗ್ರಹವನ್ನು ಜಾಲಾಡಲು ಪುರುಸೊತ್ತೇ ಇರುವುದಿಲ್ಲ. ಎಂಟು ವಾರ ಯಾಕೆಂದರೆ, ಗುರುತಿನ ದಾಖಲೆ ಪರಿಶೀಲಿಸಿ ಸದಸ್ಯತ್ವ ಊರ್ಜಿತವಾಗಲು ಕೆಲವು ದಿನ ಹಿಡಿಯುತ್ತದೆ, ಶಾಖಾ ಸಭೆಗಳು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ನಡೆಯುತ್ತವೆ, ಮಾರ್ಗದರ್ಶಕರನ್ನು ಜೋಡಿಸುವ ವ್ಯವಸ್ಥೆ ಇರುವಲ್ಲಿ ಅದಕ್ಕೆ ವರ್ಷದಲ್ಲಿ ಗೊತ್ತಾದ ಸಮಯ ಇರಬಹುದು. ಒಂದು ಸಭೆಗಾದರೂ ಹೋಗಿ ನಾಲ್ಕು ಮುಖ ಪರಿಚಯ ಮಾಡಿಕೊಂಡು ಶಾಲೆಗೆ ಹೋಗುವುದಕ್ಕೂ, ಯಾರನ್ನೂ ಅರಿಯದೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಈಗಾಗಲೇ ತಡವಾಗಿದೆಯೇ? ಹಾಗಿದ್ದರೆ ಸಭೆ, ಸಮ್ಮೇಳನಗಳನ್ನು ಸದ್ಯಕ್ಕೆ ಬಿಟ್ಟು ನಾಲ್ಕು, ಐದನೇ ಹಂತಗಳನ್ನಷ್ಟೇ ಹಿಡಿಯಿರಿ.

ಹಂತ 3: ಅರ್ಜಿ ತುಂಬುವಾಗ

ಕಾಲೇಜು ಕೊಟ್ಟ ಇಮೇಲ್ ವಿಳಾಸ ಹಾಕಬೇಡಿ. ಕೋರ್ಸ್ ಮುಗಿದ ಮೇಲೆ ಅದು ಮುಚ್ಚಿಹೋದರೆ ಪಾಸ್‌ವರ್ಡ್ ಬದಲಿಸಲೂ ಆಗದೆ ಖಾತೆಯೇ ಕೈತಪ್ಪುತ್ತದೆ. ಪುರಾವೆಗೆ ಕಾಲೇಜಿನ ವಿಳಾಸವೇ ಬೇಕು ಎಂದು ಸಂಘ ಕೇಳಿದರೆ ಅದನ್ನು ಕೊಟ್ಟು, ಸಂಪರ್ಕಕ್ಕೆ ಸ್ವಂತ ವಿಳಾಸವನ್ನು ಎರಡನೆಯದಾಗಿ ಸೇರಿಸಿ.

ಸದಸ್ಯತ್ವದ ವರ್ಗವನ್ನು ಎರಡು ಸಲ ನೋಡಿ. ಅರ್ಜಿಯಲ್ಲಿ ಪೂರ್ಣ ಸದಸ್ಯತ್ವ ಮೊದಲೇ ಗುರುತಾಗಿದ್ದರೆ ಅವಸರದಲ್ಲಿ ಅದಕ್ಕೇ ಹಣ ಕಟ್ಟಿಬಿಡುತ್ತೀರಿ. ತಾನಾಗಿಯೇ ನವೀಕರಣವಾಗುವ ಗುರುತನ್ನು ತೆಗೆಯಿರಿ. ಮುಂದಿನ ವರ್ಷ ನೀವು ವಿದ್ಯಾರ್ಥಿಯಾಗಿ ಇರುವುದಿಲ್ಲ, ಆಗ ಖಾತೆಯಿಂದ ಯಾವ ದರದಲ್ಲಿ ಹಣ ಕಡಿತವಾಗುತ್ತದೆ ಎಂದು ಹೇಳಲು ಬಾರದು. ಬೋಧನಾ ಹಂತ, ವಿಷಯ, ಶಾಖೆ ಕೇಳುವ ಜಾಗಗಳನ್ನು ಖಾಲಿ ಬಿಡಬೇಡಿ. ಕಾರ್ಯಕ್ರಮಗಳ ಕರೆ ಯಾರಿಗೆ ಹೋಗಬೇಕು ಎಂದು ಹಲವು ಸಂಘಗಳು ತೀರ್ಮಾನಿಸುವುದು ಆ ಮಾಹಿತಿಯಿಂದಲೇ. ವಾರವಾದರೂ ಸುದ್ದಿ ಇಲ್ಲವಾದರೆ ಮೊದಲು ಸ್ಪ್ಯಾಮ್ ಪೆಟ್ಟಿಗೆ ನೋಡಿ, ಆಮೇಲೆ ಕಚೇರಿಗೆ ಬರೆಯಿರಿ.

ಹಂತ 4: ಸಂಗ್ರಹದಲ್ಲಿ ಹುಡುಕುವ ರೀತಿ

ಮೊದಲ ವಾರ ಏನನ್ನೂ ಇಳಿಸಿಕೊಳ್ಳಬೇಡಿ. ಪಠ್ಯಪುಸ್ತಕ ತೆರೆದು, ನೀವು ಕಲಿಸಲಿರುವ ಘಟಕಗಳಲ್ಲಿ ಮಕ್ಕಳು ತಪ್ಪುವ ಸಂಭವ ಹೆಚ್ಚಿರುವ ಮೂರನ್ನು ಗುರುತು ಹಾಕಿ. ಯಾವುವು ಎಂದು ನಿಮಗೆ ತಿಳಿಯದಿದ್ದರೆ ಆ ಶಾಲೆಯ ಶಿಕ್ಷಕರಿಗೆ ತಿಳಿದಿರುತ್ತದೆ. ಹುಡುಕಾಟ ಆ ಮೂರಕ್ಕೆ ಸೀಮಿತವಾಗಿರಲಿ.

ಪಾಠದ ಹೆಸರು ಹಾಕಿ ಹುಡುಕಿದರೆ ನೂರಾರು ಫಲಿತಾಂಶ ಬಂದು ಕಣ್ಣು ಕತ್ತಲಿಡುತ್ತದೆ. ಮಕ್ಕಳು ಮಾಡುವ ತಪ್ಪನ್ನೇ ಹುಡುಕುಪದವಾಗಿ ಹಾಕಿ. "ವಿದ್ಯುತ್" ಎನ್ನುವ ಬದಲು "ಬಲ್ಬು ವಿದ್ಯುತ್ ಪ್ರವಾಹವನ್ನು ಖರ್ಚು ಮಾಡುತ್ತದೆ" ಎಂಬ ತಪ್ಪು ಕಲ್ಪನೆ. "ಭಿನ್ನರಾಶಿ" ಎನ್ನುವ ಬದಲು "ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡುವುದು". ಸಂಘದ ನಿಯತಕಾಲಿಕೆಗಳಲ್ಲಿ ಬೆಲೆಬಾಳುವ ಬರಹಗಳು ಸಿಗುವುದು ಈ ದಾರಿಯಲ್ಲಿ. ಆ ತಪ್ಪು ಯಾಕೆ ಆಗುತ್ತದೆ, ಯಾವ ಪ್ರಶ್ನೆ ಕೇಳಿದರೆ ಅದು ಹೊರಬೀಳುತ್ತದೆ ಎಂದು ತರಗತಿಯಲ್ಲಿ ನಿಂತು ನೋಡಿದವರು ಬರೆದಿರುತ್ತಾರೆ.

ಒಂದು ಘಟಕಕ್ಕೆ ಒಂದೇ ಪಾಠ ಇಳಿಸಿಕೊಳ್ಳಿ, ಹೆಚ್ಚೆಂದರೆ ಎರಡು. ಮೂವತ್ತು ಕಡತ ಕೂಡಿಟ್ಟುಕೊಳ್ಳುವುದು ತಯಾರಿ ಮಾಡಿದ ಸಮಾಧಾನ ಕೊಡುತ್ತದೆ, ಅಷ್ಟೇ.

ಇನ್ನೊಂದು ಎಚ್ಚರಿಕೆ. ಸದಸ್ಯರಿಗೆಂದು ಇಟ್ಟ ಸಾಮಗ್ರಿಯನ್ನು ಸ್ನೇಹಿತರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಸಾಮಾನ್ಯವಾಗಿ ಸದಸ್ಯತ್ವದ ಷರತ್ತಿಗೆ ವಿರುದ್ಧ. ಪಾಠ ಯೋಜನೆಯಲ್ಲಿ ಎಲ್ಲಿಂದ ತೆಗೆದುಕೊಂಡಿರಿ ಎಂದು ಒಂದು ಸಾಲು ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ಅದು ನಕಲು ಎಂದೇ ಲೆಕ್ಕ. ಬರೆದರೆ ಮೇಲ್ವಿಚಾರಕರು ಅದನ್ನು ಓದುವ ಅಭ್ಯಾಸ ಎಂದು ಮೆಚ್ಚುತ್ತಾರೆ.

ಹಂತ 5: ಸಿಕ್ಕ ಪಾಠವನ್ನು ನಿಮ್ಮ ತರಗತಿಯ ಅಳತೆಗೆ ತನ್ನಿ

ಹೆಚ್ಚು ಜನ ಸೋಲುವ ಜಾಗ ಇದು. ಸಂಘದ ಪಾಠವನ್ನು ಇದ್ದ ಹಾಗೇ ತರಗತಿಗೆ ಒಯ್ದು, ಅರ್ಧಕ್ಕೆ ಗಂಟೆ ಹೊಡೆದು, "ಇವೆಲ್ಲ ನಮ್ಮ ಮಕ್ಕಳಿಗೆ ಆಗಿಬರುವುದಿಲ್ಲ" ಎಂದು ಕೈಬಿಡುತ್ತಾರೆ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ.

ವಿದ್ಯುತ್ ಬಲ್ಬುಗಳ ಸರಣಿ ಜೋಡಣೆಯ ಪಾಠವೊಂದು ಸಿಕ್ಕಿದೆ ಎನ್ನಿ. ಅವಧಿ 60 ನಿಮಿಷ, ನಾಲ್ಕು ಮಕ್ಕಳ ಗುಂಪು, ಪ್ರತಿ ಗುಂಪಿಗೆ ಎರಡು ಸೆಲ್, ಮೂರು ಬಲ್ಬ್. ನಿಮ್ಮದು 40 ನಿಮಿಷದ ಪಿರಿಯಡ್, 48 ಮಕ್ಕಳು. ಅಂದರೆ 12 ಗುಂಪು, 24 ಸೆಲ್, 36 ಬಲ್ಬ್. ಶಾಲೆಯಲ್ಲಿ ಇರುವುದು ಹತ್ತೇ ಬಲ್ಬ್.

ಮೊದಲು ಪಾಠದ ತಿರುಳು ಯಾವುದು ಎಂದು ಹುಡುಕಿ. ಇಲ್ಲಿ ಅದು ಒಂದೇ ಪ್ರಶ್ನೆ: ಒಂದರ ಹಿಂದೆ ಒಂದರಂತೆ ಜೋಡಿಸಿದ ಎರಡು ಬಲ್ಬುಗಳಲ್ಲಿ ಎರಡನೆಯದು ಮಂಕಾಗಿ ಉರಿಯುತ್ತದೆಯೇ? ಮೊದಲ ಬಲ್ಬು ಪ್ರವಾಹವನ್ನು ಸ್ವಲ್ಪ ಖರ್ಚು ಮಾಡಿಬಿಡುತ್ತದೆ ಎಂದು ನಂಬಿದ ಮಕ್ಕಳು ಹೌದು ಎನ್ನುತ್ತಾರೆ. ಎರಡೂ ಸಮನಾಗಿ ಉರಿಯುವುದನ್ನು, ಒಂಟಿ ಬಲ್ಬಿಗಿಂತ ಎರಡೂ ಮಂಕಾಗಿರುವುದನ್ನು ನೋಡಿದಾಗಲೇ ಚರ್ಚೆಗೆ ಜೀವ ಬರುವುದು. ಈ ಪ್ರಶ್ನೆಗೆ ಗುಂಪಿಗೆ ಎರಡು ಬಲ್ಬ್ ಸಾಕು. ಹತ್ತು ಬಲ್ಬಿಗೆ ಐದು ಗುಂಪು. ಒಂದೊಂದರಲ್ಲಿ ಒಂಬತ್ತು ಹತ್ತು ಮಕ್ಕಳಾದರೆ ಮುಟ್ಟುವವರು ಇಬ್ಬರು, ನೋಡುವವರು ಎಂಟು. ಹಾಗಾಗಿ ಉಪಕರಣವನ್ನು ನಾಲ್ಕು ಮೇಜುಗಳಲ್ಲಿ ಮೊದಲೇ ಜೋಡಿಸಿಟ್ಟು ಎರಡು ಬಲ್ಬ್ ಹೆಚ್ಚುವರಿ ಇಟ್ಟುಕೊಳ್ಳಿ. ಊಹೆಯನ್ನು ಎಲ್ಲರೂ ಬರೆಯಲಿ, ಮೇಜಿಗೆ ಸರದಿಯಲ್ಲಿ ಬಂದು ನೋಡಲಿ. ಸಮಯ ಹೀಗೆ ಹಂಚಬಹುದು: ವಿವರಣೆ 5 ನಿಮಿಷ, ಊಹೆ ಬರೆಯಲು 5, ನೋಡಲು 12, ಚರ್ಚೆಗೆ 13, ಬರೆದು ಮುಗಿಸಲು 5. ಮೂರನೇ ಬಲ್ಬಿನ ಚಟುವಟಿಕೆಯನ್ನು ಮುಂದಿನ ಪಿರಿಯಡ್‌ಗೆ ತಳ್ಳಿ. ಚರ್ಚೆಯ 13 ನಿಮಿಷವನ್ನು ಮಾತ್ರ ಕತ್ತರಿಸಬೇಡಿ. ಸಮಯ ಸಾಲದಾದಾಗ ಕೈ ಮೊದಲು ಹೋಗುವುದು ಅಲ್ಲಿಗೇ.

ಈ ಪ್ರಯೋಗದಲ್ಲಿ ಕೆಡುವುದೆಲ್ಲಿ ಎಂದರೆ, ಬೇರೆಬೇರೆ ರೇಟಿಂಗ್‌ನ ಬಲ್ಬುಗಳು ಬೆರೆತುಹೋದಾಗ. ಒಂದು ನಿಜವಾಗಿಯೂ ಮಂಕಾಗಿ ಉರಿಯುತ್ತದೆ, ಮಕ್ಕಳ ತಪ್ಪು ಕಲ್ಪನೆಗೆ ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಬಲ್ಬಿನ ಬುಡದಲ್ಲಿ ಕೆತ್ತಿರುವ ವೋಲ್ಟ್, ಆಂಪಿಯರ್ ಅಂಕಿ ಒಂದೇ ಇದೆಯೇ ಎಂದು ಹಿಂದಿನ ದಿನವೇ ನೋಡಿ. ಅನುಮಾನ ಬಂದರೆ ಎರಡು ಬಲ್ಬುಗಳ ಜಾಗ ಅದಲುಬದಲು ಮಾಡಿ. ಮಂಕುತನವೂ ಬಲ್ಬಿನ ಜೊತೆಗೇ ಹೊಸ ಜಾಗಕ್ಕೆ ಹೋದರೆ ದೋಷ ಬಲ್ಬಿನದು.

ಏನನ್ನು ಬಿಟ್ಟಿರಿ, ಏನನ್ನು ಬದಲಿಸಿದಿರಿ, ಎಲ್ಲಿ ಸಮಯ ಮೀರಿತು, ಮಕ್ಕಳು ಏನೆಂದರು, ಇವನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅರ್ಧ ಪುಟ ಸಾಕು. ಮುಂದೆ ಆರು, ಎಂಟು, ಒಂಬತ್ತನೇ ಹಂತಗಳಿಗೂ ಬಂಡವಾಳ ಇದೇ.

ಹಂತ 6: ಮಾರ್ಗದರ್ಶಕರನ್ನು ಕೇಳುವುದು

ಹಲವು ಸಂಘಗಳು ಪ್ರಶಿಕ್ಷಣಾರ್ಥಿಗೆ ಒಬ್ಬ ಅನುಭವಿ ಶಿಕ್ಷಕರನ್ನು ಜೋಡಿಸುತ್ತವೆ. ಅಂಥ ವ್ಯವಸ್ಥೆ ಇಲ್ಲದಿದ್ದರೆ ಶಾಖಾ ಸಭೆಯಲ್ಲಿ ಪರಿಚಯವಾದವರನ್ನು ನೀವೇ ಕೇಳಬಹುದು. ಕೇಳುವ ರೀತಿಯ ಮೇಲೆ ಉತ್ತರ ನಿಂತಿದೆ.

ಇಂಥದಕ್ಕೆ ಉತ್ತರ ಬರುವುದಿಲ್ಲ: "ನಮಸ್ಕಾರ ಮೇಡಂ, ಭಿನ್ನರಾಶಿ ಪಾಠ ಹೇಗೆ ಮಾಡಬೇಕು ತಿಳಿಸಿ. ಪಾಠ ಯೋಜನೆ ಇದ್ದರೆ ಕಳುಹಿಸಿ. ಅರ್ಜೆಂಟ್."

ಇಂಥದಕ್ಕೆ ಬರುತ್ತದೆ: "ನಮಸ್ಕಾರ ಮೇಡಂ. ಆರನೇ ತರಗತಿಗೆ ಭಿನ್ನರಾಶಿಗಳ ಸಂಕಲನ ಮಾಡಿಸುತ್ತಿದ್ದೇನೆ. 1/2 + 1/3 ಕ್ಕೆ ಅರ್ಧದಷ್ಟು ಮಕ್ಕಳು 2/5 ಎಂದು ಬರೆದಿದ್ದಾರೆ. ಕಾಗದದ ಪಟ್ಟಿ ಮಡಚಿ ತೋರಿಸಿದಾಗ ಒಪ್ಪಿದರು, ಮರುದಿನ ಲೆಕ್ಕದಲ್ಲಿ ಮತ್ತೆ ಅದೇ ತಪ್ಪು. 2/5 ಎಂಬುದು 1/2 ಕ್ಕಿಂತ ಕಡಿಮೆ, ಕೂಡಿದ ಮೇಲೆ ಕಡಿಮೆಯಾಗುವುದು ಹೇಗೆ ಎಂದು ಅವರಿಂದಲೇ ಕೇಳಿಸಬೇಕೆಂದಿದ್ದೇನೆ. ಆ ಪ್ರಶ್ನೆಯನ್ನು ಪಟ್ಟಿಗಿಂತ ಮೊದಲು ಇಡಲೇ, ನಂತರವೇ? ಮೂರು ಮಕ್ಕಳ ಉತ್ತರಗಳನ್ನು ಹೆಸರಿಲ್ಲದೆ ಲಗತ್ತಿಸಿದ್ದೇನೆ."

ಎರಡನೆಯದರಲ್ಲಿ ತರಗತಿ ಯಾವುದು, ತಪ್ಪು ಏನು, ಆಗಲೇ ಏನು ಮಾಡಿ ನೋಡಿದ್ದಾಗಿದೆ, ಈಗ ಬೇಕಿರುವ ಒಂದು ತೀರ್ಮಾನ ಯಾವುದು, ಎಲ್ಲವೂ ಇದೆ. ಬಿಡುವಿಲ್ಲದ ಶಿಕ್ಷಕರೂ ಹತ್ತು ನಿಮಿಷದಲ್ಲಿ ಉತ್ತರಿಸಬಲ್ಲರು. ಮಾದರಿ ಉತ್ತರ ಕಳುಹಿಸುವಾಗ ಒಂದು ಸರಿಯಾದದ್ದು, ಒಂದು ಅರ್ಧ ಸರಿಯಾದದ್ದು, ಒಂದು ತಪ್ಪಾದದ್ದು ಆರಿಸಿ. ತಪ್ಪಾದವನ್ನೇ ಕಳುಹಿಸಿದರೆ ತರಗತಿಯ ಚಿತ್ರ ಸಿಗುವುದಿಲ್ಲ. ಮಾತಿಗೆ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಗೊತ್ತು ಮಾಡಿಕೊಂಡು, ಹಿಂದಿನ ದಿನವೇ ಒಂದು ಪುಟ ಕಳುಹಿಸಿ.

ಮಕ್ಕಳ ಹೆಸರು, ಮುಖ, ಧ್ವನಿ, ತರಗತಿಯ ವಿಡಿಯೋ ಯಾವುದನ್ನೂ ಶಾಲೆಯ ಲಿಖಿತ ಅನುಮತಿ ಇಲ್ಲದೆ ಹೊರಗೆ ಕಳುಹಿಸಬೇಡಿ. "ಸಂಘದ ಒಳಗಿನ ಗುಂಪು ತಾನೇ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಉತ್ತರ ಪತ್ರಿಕೆಯ ಫೋಟೋ ತೆಗೆಯುವಾಗ ಮೇಲಿನ ಹೆಸರಿನ ಸಾಲನ್ನು ಕಾಗದದಿಂದ ಮುಚ್ಚಿ ತೆಗೆಯಿರಿ. ಆಮೇಲೆ ಅಳಿಸುತ್ತೇನೆ ಎಂದರೆ ಮರೆತುಹೋಗುತ್ತದೆ.

ಸಂಘದ ಮಾರ್ಗದರ್ಶಕರು ಒಂದು ಹೇಳಿ, ಶಾಲೆಯ ಮಾರ್ಗದರ್ಶಿ ಶಿಕ್ಷಕರು ಇನ್ನೊಂದು ಹೇಳಿದರೆ? ತರಗತಿಯ ಹೊಣೆ ಶಾಲೆಯವರದು, ಅಂಕ ಕೊಡುವವರು ಕಾಲೇಜಿನವರು. ಅವರ ಮಾತಿನಂತೆ ನಡೆಯಿರಿ. "ಸಂಘದಲ್ಲಿ ಹೀಗೆ ಹೇಳಿದರು" ಎಂದು ವಾದಕ್ಕೆ ನಿಂತರೆ ಸಂಬಂಧ ಕೆಡುತ್ತದೆ, ಪಾಠವೇನೂ ಸುಧಾರಿಸುವುದಿಲ್ಲ. "ಇದನ್ನು ಒಂದು ಪಿರಿಯಡ್ ಮಾಡಿ ನೋಡಲೇ ಸರ್, ನೀವೂ ಕೂತು ನೋಡುತ್ತೀರಾ?" ಎಂದು ಕೇಳಿದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ.

ಹಂತ 7: ಸುರಕ್ಷತೆ ಮತ್ತು ಕಾನೂನು ರಕ್ಷಣೆ

ಬೋಧನಾಭ್ಯಾಸದ ಮೊದಲ ದಿನಕ್ಕೆ ಮುಂಚೆಯೇ ಮುಗಿಸಬೇಕಾದ ಕೆಲಸ ಇದು. ಸಂಘಕ್ಕೆ ಸೇರಿದ ಮಾತ್ರಕ್ಕೆ ರಕ್ಷಣೆ ಇದೆ ಎಂದುಕೊಳ್ಳಬೇಡಿ. ಅಮೆರಿಕದ ನೌಕರರ ಸಂಘ ಎನ್‌ಇಎ ವಿದ್ಯಾರ್ಥಿ ಸದಸ್ಯರಿಗೂ ಬೋಧನಾಭ್ಯಾಸದ ಅವಧಿಯಲ್ಲಿ ಹೊಣೆಗಾರಿಕೆ ವಿಮೆ ಒದಗಿಸುತ್ತದೆ. ಎಲ್ಲ ಸಂಘಗಳಲ್ಲೂ ಹೀಗಿಲ್ಲ. ಇಮೇಲ್ ಮೂಲಕವೇ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ: ಸಂಬಳವಿಲ್ಲದ ಬೋಧನಾಭ್ಯಾಸಕ್ಕೆ ಅನ್ವಯಿಸುತ್ತದೆಯೇ? ಪ್ರಯೋಗಾಲಯ, ಆಟದ ಮೈದಾನ, ಶಾಲೆಯ ಹೊರಗಿನ ಭೇಟಿ ಸೇರಿವೆಯೇ? ಘಟನೆ ನಡೆದ ಎಷ್ಟು ದಿನದೊಳಗೆ ತಿಳಿಸಬೇಕು? ಯಾರಿಗೆ?

ವಿಜ್ಞಾನದವರು ಪ್ರಯೋಗಾಲಯ ಸುರಕ್ಷತೆಯ ಬಗ್ಗೆ ಸಂಘ ಪ್ರಕಟಿಸಿದ್ದನ್ನು ಮೊದಲು ಓದಬೇಕು. ಎನ್‌ಎಸ್‌ಟಿಎ, ಎಎಸ್‌ಇ ಎರಡೂ ಈ ಕುರಿತು ಬಹಳ ಕೆಲಸ ಮಾಡಿವೆ. ಹಾಗೆಂದು ಶಾಲೆಯ ನಿಯಮ ಅದಕ್ಕಿಂತ ಬಿಗಿಯಾಗಿದ್ದರೆ ಶಾಲೆಯದೇ ಅಂತಿಮ.

ಹಂತ 8: ಶಾಖಾ ಸಭೆ, ಸಮ್ಮೇಳನ

ಮೊದಲ ಸಮ್ಮೇಳನಕ್ಕೆ ಸ್ವಯಂಸೇವಕರಾಗಿ ಹೋಗುವುದು ಒಳ್ಳೆಯದು. ಶುಲ್ಕದಲ್ಲಿ ರಿಯಾಯಿತಿಯೋ ವಿನಾಯಿತಿಯೋ ಸಿಗುವ ಸಾಧ್ಯತೆ ಇದೆ. ಅದಕ್ಕಿಂತ ಮುಖ್ಯವಾಗಿ, ನೋಂದಣಿ ಮೇಜಿನಲ್ಲಿ ಕೂತವರಿಗೆ ಎಲ್ಲರ ಪರಿಚಯವಾಗುತ್ತದೆ. ಗೋಷ್ಠಿ ಆರಿಸುವಾಗ ಉದ್ಘಾಟನಾ ಭಾಷಣಕ್ಕಿಂತ ಕಾರ್ಯಾಗಾರಕ್ಕೆ ಆದ್ಯತೆ ಕೊಡಿ. ದಿನಕ್ಕೆ ಮೂರು ಗೋಷ್ಠಿ ಸಾಕು.

ಭಿತ್ತಿಪತ್ರ (ಪೋಸ್ಟರ್) ಮಂಡಿಸುವ ಆಸೆ ಇದ್ದರೆ ಪ್ರಸ್ತಾವನೆಯ ಕೊನೆಯ ದಿನಾಂಕ ನೋಡಿ. ಅದು ಸಮ್ಮೇಳನಕ್ಕೆ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ. ಸಮ್ಮೇಳನಕ್ಕೆ ಹೋಗಲು ಸಂಘ ಕೊಡುವ ನೆರವಿನ ಅರ್ಜಿಗೆ ಬೇರೆಯೇ ದಿನಾಂಕ ಇರಬಹುದು. "ಚಟುವಟಿಕೆ ಆಧಾರಿತ ಕಲಿಕೆಯ ಮಹತ್ವ" ಎಂಬಂಥ ಶೀರ್ಷಿಕೆಯನ್ನು ಆಯ್ಕೆ ಸಮಿತಿಯವರು ಎಷ್ಟೋ ಸಲ ಓದಿರುತ್ತಾರೆ. "ಹತ್ತು ಬಲ್ಬು, 48 ಮಕ್ಕಳು: ಸರಣಿ ಜೋಡಣೆಯ ಒಂದು ಪಿರಿಯಡ್" ಎಂದರೆ ಕಣ್ಣು ನಿಲ್ಲುತ್ತದೆ. ಅದಕ್ಕೆ ಬೇಕಾದ ವಿವರವೆಲ್ಲ ನಿಮ್ಮ ನೋಟ್‌ಬುಕ್ಕಿನಲ್ಲಿ ಆಗಲೇ ಇದೆ.

ಹಿಂದೆ ಸರಿಯಬೇಕಾದ ಲಕ್ಷಣಗಳು

- ಸದಸ್ಯರಾದರೆ ಕೆಲಸ ಖಚಿತ ಎನ್ನುವ ಸಂಘ. ಯಾವ ವೃತ್ತಿಪರ ಸಂಘವೂ ನೇಮಕಾತಿಯ ಭರವಸೆ ಕೊಡಲಾರದು.
- ಹಣ ಕಟ್ಟಿದೊಡನೆ, ಹಾಜರಾಗದೆಯೇ ಪ್ರಮಾಣಪತ್ರ ಕಳುಹಿಸುವ ಸಮ್ಮೇಳನ. ಸಂದರ್ಶನದಲ್ಲಿ "ಅಲ್ಲಿ ಏನು ಕಲಿತಿರಿ" ಎಂದರೆ ಬಾಯಿ ಕಟ್ಟುತ್ತದೆ.
- ವೈಯಕ್ತಿಕ ಬ್ಯಾಂಕ್ ಖಾತೆಗೆ ಶುಲ್ಕ ಕೇಳುವುದು, ರಸೀದಿ ಕೊಡದಿರುವುದು.
- ಪದಾಧಿಕಾರಿಗಳ ಹೆಸರು, ನಿಯಮಾವಳಿ, ನೋಂದಣಿ ವಿವರ ಎಲ್ಲೂ ಕಾಣದಿರುವುದು.
- ನಿಮ್ಮ ತರಗತಿಯ ಮಕ್ಕಳ ಅಥವಾ ಪೋಷಕರ ಸಂಪರ್ಕ ವಿವರ ಕೇಳುವುದು. ಇದಕ್ಕೆ ಎರಡನೇ ಯೋಚನೆ ಬೇಡ, ಕೊಡಬೇಡಿ.

ಹಂತ 9: ಕೋರ್ಸ್ ಮುಗಿಯುವಾಗ

ಶಿಫಾರಸು ಪತ್ರ ಬೇಕಿದ್ದರೆ ಬೋಧನಾಭ್ಯಾಸ ಮುಗಿದ ಎರಡು ವಾರದೊಳಗೆ ಕೇಳಿ. ಸಂಘದ ಮಾರ್ಗದರ್ಶಕರು ನಿಮ್ಮ ಪಾಠವನ್ನು ಕಣ್ಣಾರೆ ನೋಡಿರದಿದ್ದರೆ ಅವರು ಬರೆಯಬಲ್ಲದ್ದು ನಿಮ್ಮ ತಯಾರಿ ಮತ್ತು ಚರ್ಚೆಯ ಬಗ್ಗೆ ಮಾತ್ರ. ಬೋಧನೆಯ ಬಗ್ಗೆ ಶಾಲೆಯವರನ್ನೇ ಕೇಳಬೇಕು. ಕೇಳುವಾಗ ನೋಟ್‌ಬುಕ್ಕಿನಿಂದ ಎರಡು ಪಾಠಗಳ ಟಿಪ್ಪಣಿಯನ್ನೂ ಜೊತೆಗೆ ಕಳುಹಿಸಿ, ಇಲ್ಲವಾದರೆ ಪತ್ರ "ಶ್ರದ್ಧಾವಂತರು, ಸಮಯಪಾಲಕರು" ಎಂಬಲ್ಲಿಗೆ ನಿಲ್ಲುತ್ತದೆ.

ವಿದ್ಯಾರ್ಥಿ ಸದಸ್ಯತ್ವದ ಅವಧಿ ಮುಗಿಯುವ ದಿನಾಂಕವನ್ನು ಒಂದು ತಿಂಗಳು ಮೊದಲೇ ನೋಡಿಕೊಳ್ಳಿ. ಹೊಸದಾಗಿ ವೃತ್ತಿಗೆ ಬಂದವರಿಗೆ ಕಡಿಮೆ ದರದ ವರ್ಗ ಇದ್ದರೆ ಅವಧಿ ಮುಗಿಯುವ ಮೊದಲೇ ಅದಕ್ಕೆ ಬದಲಿಸಿ. ಮುಗಿದ ಮೇಲೆ ಹೊಸ ಸದಸ್ಯರೆಂದು ಪರಿಗಣಿಸಿ ಆ ರಿಯಾಯಿತಿ ನಿರಾಕರಿಸಬಹುದು. ಸೇರುವಾಗ ಕಾಲೇಜಿನ ಇಮೇಲ್ ಕೊಟ್ಟಿದ್ದರೆ ಅದನ್ನು ಬದಲಿಸಲು ಇದೇ ಕೊನೆಯ ಅವಕಾಶ.